ಉಳಿದ ಐದು ಅಕ್ಷರ

ದುರ್ಗಿಗೆ ಹೇಳಿಕೊಟ್ಟದ್ದು ನಾಲ್ಕೇ ಮಾತು. ನನ್ನ ಹೆಸರು ದುರ್ಗಿ. ಮೊದಲು ನಾನು ಹೆಬ್ಬೆಟ್ಟು ಒತ್ತುತ್ತಿದ್ದೆ. ವಿಶ್ವವಿದ್ಯಾಲಯ ನಮ್ಮ ಕೇರಿಗೆ ಬಂದ ಮೇಲೆ ಅಕ್ಷರ ಕಲಿತೆ. ಈಗ ಓದುವುದಕ್ಕೆ ನಾನು ಯಾರನ್ನೂ ಕೇಳಬೇಕಾಗಿಲ್ಲ.

ಮೂರು ಮಾತು ಸಲೀಸಾಗಿ ಬಂದವು. ನಾಲ್ಕನೆಯದನ್ನು ‘ಈಗ’ ಎಂದು ಶುರುಮಾಡಿ ನಿಲ್ಲಿಸಿದಳು.

“ಇನ್ನೊಂದ್ಸಲ ಹೇಳು,” ಎಂದರು ವಿಶ್ವೇಶ್ವರ ಸರ್. ಅವರು ವಿಶ್ವವಿದ್ಯಾಲಯದ ಸಮುದಾಯ ಶಿಕ್ಷಣ ಯೋಜನೆಯ ಮುಖ್ಯಸ್ಥರು. ಕಾರು ಸಿದ್ದಾಪುರದ ಕಡೆಯಿಂದ ಶಿರಸಿಗೆ ಹೊರಟಿತ್ತು. ಸರ್ ಮುಂದೆ, ದುರ್ಗಿ ಹಿಂದೆ. ಅವಳ ಕಾಲ ಕೆಳಗೆ ಹಳೆಯ ಪೇಪರು ಹಾಸಿದ್ದರು.

“ನಾಲ್ಕನೇದು ಬ್ಯಾಡ ಸರ್.”

“ಅದೇ ಮುಖ್ಯ ಮಾರಾಯ್ತಿ. ದಿಲ್ಲಿಯಿಂದ ಮೂರು ಜನ ಬಂದಿದ್ದಾರೆ. ಅವರು ಒಳ್ಳೆ ಅಂಕ ಕೊಟ್ಟರೆ ಯೋಜನೆ ಮುಂದುವರಿಯುತ್ತದೆ. ನಿಮ್ಮ ಕ್ಲಾಸು ಮತ್ತೆ ಶುರು ಆಗಬೇಕೋ ಬೇಡವೋ?”

ಬೇಕು. ದುರ್ಗಿ ಕಾರು ಹತ್ತಿದ್ದೇ ಅದಕ್ಕೆ. ಅವಳಿಗೆ ಇನ್ನೂ ಐದು ಅಕ್ಷರ ಬರಬೇಕಿತ್ತು.

ಒಂದು ವರ್ಷದ ಹಿಂದಿನ ಮಾತು. ಆ ಮಳೆಗಾಲದಲ್ಲಿ ಮೊದಲು ಬಂದವರು ಬೇರೆ ಒಬ್ಬ ಸರ್. ಬೆಳಿಗ್ಗೆ ಹನ್ನೊಂದಕ್ಕೆ ಶಾಲೆಯ ಕೋಣೆಯಲ್ಲಿ ಗೋಡೆಗೆ ಬಿಳಿ ಬಟ್ಟೆ ಕಟ್ಟಿ, ಯಂತ್ರ ಇಟ್ಟು ಕಾದರು. ಕಾಡು, ತೋಟ ಎಂದು ದುಡಿಯಲು ಹೋಗುವ ಹಸಲರ ಕೇರಿಯ ಹೆಂಗಸರು ಹನ್ನೊಂದಕ್ಕೆ ಯಾರು ಮನೆಯಲ್ಲಿರುತ್ತಾರೆ? ಯಾರೂ ಹೋಗಲಿಲ್ಲ. ಜನರಿಗೆ ಆಸಕ್ತಿ ಇಲ್ಲ ಎಂದು ಬರೆದುಕೊಂಡು ಅವರು ಹೋದರು.

ಆಮೇಲೆ ಬಂದವರು ಶ್ರೀವಾಣಿ ಅಕ್ಕೋರು. ಯಲ್ಲಾಪುರದವರು. ಇಪ್ಪತ್ತೇಳು ವರ್ಷ. ಕಾಯಂ ಕೆಲಸವಲ್ಲ, ಗುತ್ತಿಗೆಯ ಮೇಲೆ ಬಂದವರು. ಅವರು ಯಂತ್ರ ತರಲಿಲ್ಲ. ಕೇರಿಗೆ ಬಂದು ಒಂದೇ ಪ್ರಶ್ನೆ ಕೇಳಿದರು: “ನೀವೆಲ್ಲ ಒಟ್ಟಿಗೆ ಕೂರೋದು ಯಾವಾಗ?”

“ಸಂಜೆ, ಒಲೆ ಮುಂದೆ,” ಎಂದಳು ತಿಮ್ಮಿ.

ತಿಮ್ಮಿ ದುರ್ಗಿಯ ಅಕ್ಕ. ಒಲೆ ಎಂದರೆ ಉಪ್ಪಾಗೆ ಎಂಬ ಕಾಡಿನ ಹುಳಿಹಣ್ಣು ಒಣಗಿಸುವ ಒಲೆ. ಉಪ್ಪಾಗೆ ಹಣ್ಣಾಗುವುದು ಮಳೆಗಾಲದಲ್ಲಿ. ಬಿಸಿಲಿಲ್ಲ. ಕಾಡಿನಿಂದ ಹೊತ್ತು ತಂದು, ಬೀಜ ಬಿಡಿಸಿ, ಸಿಪ್ಪೆಯನ್ನು ಬಿದಿರಿನ ತಟ್ಟಿಯ ಮೇಲೆ ಹರಡಿ ಕೆಳಗೆ ಬೆಂಕಿ ಹಾಕಬೇಕು. ಹೊಗೆಗೆ ಕಣ್ಣು ಕೆಂಡವಾಗುತ್ತದೆ. ಹುಳಿಗೆ ಬೆರಳ ಸಂದು ಸೀಳುತ್ತದೆ. ಅಕ್ಕೋರು ಅಲ್ಲಿಗೇ ಬಂದು ಕೂತರು. ತಾವೂ ಬೀಜ ಬಿಡಿಸಿದರು. ಮೂರನೆಯ ದಿನ ಅವರ ಬೆರಳೂ ಸೀಳಿತು. ಅಂದಿನಿಂದ ಮೂವತ್ತೆಂಟು ಹೆಂಗಸರು ತಪ್ಪದೆ ಬಂದರು.

ಇದರಲ್ಲಿ ದೊಡ್ಡ ಗುಟ್ಟೇನಿಲ್ಲ. ಕಲಿಸುವವರು ಎಲ್ಲಿ ಕೂರುತ್ತಾರೆ ಎಂಬುದನ್ನು ಕಲಿಯುವವರು ಮೊದಲು ನೋಡುತ್ತಾರೆ. ಪುಸ್ತಕ ನೋಡುವುದು ಆಮೇಲೆ.

ವಾರಕ್ಕೆ ಎರಡು ದಿನ ಕೊನೆಯ ಬಸ್ಸು ತಪ್ಪುತ್ತಿತ್ತು. ಅಕ್ಕೋರು ತಿಮ್ಮಿಯ ಮನೆಯಲ್ಲೇ ಉಳಿದರು. ಗಂಜಿ ಉಂಡರು. ಕೇರಿಯ ನೀರು ಕುಡಿದರು. ಕೇರಿಯವರಿಗೆ ಇದು ನಂಬುವ ಮಾತಾಗಿರಲಿಲ್ಲ.

ಒಂದೊಂದು ಅಕ್ಷರ ಬಂದ ಹಾಗೆ ಅದಕ್ಕೆ ಇಳಿ, ಗುಡಿಸು, ಕೊಂಬು ಎಲ್ಲ ಕಲಿಸುತ್ತಿದ್ದರು. “ಕ ಗುಡಿಸು ಕಿ,” ಎಂದು ಹೇಳಿಕೊಟ್ಟ ದಿನ ತಿಮ್ಮಿ ಬಿದ್ದು ಬಿದ್ದು ನಕ್ಕಳು.

“ಅಕ್ಷರಕ್ಕೂ ಗುಡ್ಸೋ ಕೆಲಸನಾ ಅಕ್ಕೋರೆ? ಅದು ನಮಗೆ ಮಾತ್ರ ಅಂತ ಮಾಡಿದ್ದೆ!”

“ಕೊಂಬೂ ಉಂಟು ತಿಮ್ಮಕ್ಕ.”

“ಕೊಂಬು ತೋಟದ ಹೆಗಡೇರಿಗೆ ಕೊಡಿ. ಗುಡ್ಸೋದು ನಮಗಿರಲಿ.”

ನಕ್ಕು ನಕ್ಕು ಒಲೆ ಆರಿಹೋಯಿತು. ತಿಮ್ಮಿಗೆ ಬಾಯಿ ಇದ್ದಷ್ಟು ಅಕ್ಷರ ಹತ್ತಲಿಲ್ಲ. ತನ್ನ ಹೆಸರಿನ ಮೂರು ತುಂಡು ಬಿಟ್ಟರೆ ಬೇರೆಯದು ತಲೆಯಲ್ಲಿ ನಿಲ್ಲುತ್ತಿರಲಿಲ್ಲ. ದುರ್ಗಿಗೆ ಬೇಗ ಬಂತು. “ನನ್ನ ತಂಗಿ ಓದ್ತಾಳೆ, ನನಗೆ ಸಾಕು,” ಎಂದು ತಿಮ್ಮಿ ಊರೆಲ್ಲ ಹೇಳಿಕೊಂಡು ತಿರುಗಿದಳು.

ಮಾರ್ಚ್ ತಿಂಗಳ ಕೊನೆಗೆ ಅಕ್ಷರಮಾಲೆ ‘ಯ ರ ಲ ವ’ಕ್ಕೆ ಬಂದಿತ್ತು. ಆ ದಿನ ಅಕ್ಕೋರು ಒಂದು ಟಾನಿಕ್ಕಿನ ಡಬ್ಬಿ ತಂದಿದ್ದರು. ಅದರ ಮೇಲೆ ಬರೆದದ್ದನ್ನು ದುರ್ಗಿ ಕೂಡಿಸಿ ಕೂಡಿಸಿ ಓದಿದಳು. ವಿ. ಟ. ಮಿ. ನ್. ಅಂಗಡಿಯ ಮಾಲಿನ ಮೇಲೆ ಅವಳು ಓದಿದ ಮೊದಲ ಮಾತು ಅದು. ತಿಮ್ಮಿ ಎದ್ದು ಬಂದು ತಂಗಿಯ ಕೆನ್ನೆ ಹಿಂಡಿದಳು.

ಮರುದಿನ ಅಕ್ಕೋರು ಬರಲಿಲ್ಲ. ಮೂವತ್ತೊಂದಕ್ಕೆ ಯೋಜನೆ ಮುಗಿದಿತ್ತು. ಅವರ ಗುತ್ತಿಗೆಯೂ ಮುಗಿದಿತ್ತು. ಇನ್ನು ಐದೇ ಅಕ್ಷರ, ಇಪ್ಪತ್ತು ದಿನ ಕೊಡಿ, ಸಂಬಳ ಬೇಡ, ಬರುವುದಕ್ಕೆ ಅಪ್ಪಣೆ ಕೊಡಿ ಎಂದು ಕೇಳಿದ್ದರಂತೆ. ಹೆಸರು ಬರೆಯಲು ಬಂದರೆ ಸಾಕ್ಷರರು, ಗುರಿ ಮುಟ್ಟಿದೆ, ವರದಿ ಹೋಗಿದೆ ಎಂದರಂತೆ ವಿಶ್ವೇಶ್ವರ ಸರ್.

ದೋಣಿಯವನು ನಡುಹೊಳೆಯಲ್ಲಿ ಇಳಿಸಿ, ಮುಕ್ಕಾಲು ಪಾಲು ದಾಟಿಸಿದ್ದೇನೆ ಎಂದು ಬರೆದುಕೊಂಡ ಹಾಗಾಯಿತು.

ಜೂನಿನಲ್ಲಿ ತಿಮ್ಮಿಗೆ ತಲೆ ತಿರುಗುತ್ತಿತ್ತು. ಮೈಯಲ್ಲಿ ರಕ್ತ ಇಲ್ಲ ಎಂದಿದ್ದರು ಆರೋಗ್ಯ ಕೇಂದ್ರದಲ್ಲಿ. ಅವಳು ದುಡಿಯುತ್ತಿದ್ದದ್ದು ನಾಗಪತಿ ಹೆಗಡೆಯವರ ತೋಟದಲ್ಲಿ. ಹೆಗಡೆಯವರ ಹೆಂಡತಿ ಲಕ್ಷ್ಮೀ ಅಮ್ಮನ ಹತ್ತಿರ ಹೇಳಿಕೊಂಡಾಗ ಅವರು, “ನಮ್ಮನೇಲಿ ಟಾನಿಕ್ಕು ಇದೆ, ಕೊಡ್ತೆ,” ಎಂದಿದ್ದರು.

ಮಾರನೆಯ ಸಂಜೆ ಕೆಲಸ ಮುಗಿಸಿ ಅಂಗಳದಲ್ಲಿ ನಿಂತ ತಿಮ್ಮಿಗೆ ಒಳಗಿನಿಂದ ಹೆಗಡೆಯವರ ದನಿ ಕೇಳಿಸಿತು. “ತಿಮ್ಮೀ, ಜಗಲಿ ಮೇಲೆ ಔಷಧಿ ಸೀಸೆ ಇದೆ. ತಗಂಡ್ಹೋಗು.”

ಹೆಗಡೆಯವರು ಹೇಳಿದ್ದು ಕಳೆಗೆ ಹೊಡೆಯುವ ಔಷಧಿ. ನಾಳೆ ಬೆಳಿಗ್ಗೆ ಮೇಲಿನ ತೋಟಕ್ಕೆ ಅವಳು ನೇರವಾಗಿ ಹೋಗುವವಳು, ಜೊತೆಗೆ ಒಯ್ಯಲಿ ಎಂದು. ನಮ್ಮ ಕಡೆ ಹುಲ್ಲು ಸಾಯಿಸುವುದಕ್ಕೂ ಔಷಧಿ, ಮನುಷ್ಯರನ್ನು ಉಳಿಸುವುದಕ್ಕೂ ಔಷಧಿ. ಮಾತು ಒಂದೇ. ದೊಡ್ಡ ಡಬ್ಬದಿಂದ ಅವರು ಅದನ್ನು ಖಾಲಿ ಟಾನಿಕ್ಕಿನ ಸೀಸೆಗೆ ಬಗ್ಗಿಸಿದ್ದರು. ಮೇಲೆ ಒಂದು ಚೀಟಿ ಅಂಟಿಸಿ ಎರಡು ಅಕ್ಷರ ಬರೆದಿದ್ದರು.

ಹಸಲರ ಕೈಗೆ ಅವರು ಏನನ್ನೂ ಕೈಯಿಂದ ಕೊಡುವುದಿಲ್ಲ. ಇಡುತ್ತಾರೆ. ಇವರು ಎತ್ತಿಕೊಳ್ಳುತ್ತಾರೆ. ಚಾ ಆದರೂ ಅಷ್ಟೆ, ಕತ್ತಿಯಾದರೂ ಅಷ್ಟೆ. ಕೈಯಿಂದ ಕೈಗೆ ಕೊಟ್ಟಿದ್ದರೆ ಮುಖ ನೋಡುತ್ತಿದ್ದರು. ಮುಖ ನೋಡಿದ್ದರೆ ಒಂದು ಮಾತು ಬರುತ್ತಿತ್ತು. ಇದು ಯಾವುದಕ್ಕೆ ಅಂತ ಗೊತ್ತಲ್ಲ ತಿಮ್ಮಿ? ಅಷ್ಟು ಸಾಕಿತ್ತು.

ತಿಮ್ಮಿ ಸೀಸೆಯನ್ನು ಸೆರಗಿನಲ್ಲಿ ಸುತ್ತಿ ತಂಗಿಯ ಮನೆಗೇ ಬಂದಳು.

“ಅಮ್ಮ ಟಾನಿಕ್ಕು ಕೊಟ್ರು ಕಣೇ. ಓದಿ ಹೇಳು.”

ದುರ್ಗಿ ಬಾಗಿಲ ಬೆಳಕಿಗೆ ಹಿಡಿದು ನೋಡಿದಳು. ಮೊದಲನೆಯದು ‘ವ’. ಗುಡಿಸು ಕೊಟ್ಟಿದೆ. ‘ವಿ’. ಎರಡನೆಯದು ‘ಪ’ ಇದ್ದ ಹಾಗೆ ಇತ್ತು. ಆದರೆ ಅದರ ಹೊಟ್ಟೆಯೊಳಗೆ ಒಂದು ಗೀಟು. ಅಂಥ ಅಕ್ಷರ ಅವಳು ನೋಡಿರಲಿಲ್ಲ. ಪೆನ್ನು ಜಾರಿರಬೇಕು ಎಂದುಕೊಂಡಳು.

“ಎಂತ ಐತೆ?”

“ವಿಟಮಿನ್ನು ಅಕ್ಕ. ಮೊಟಕು ಮಾಡಿ ಬರದಾರೆ.”

“ದೊಡ್ಡೋರು ಎಲ್ಲದನ್ನೂ ಮೊಟಕೇ ಮಾಡದು. ನಮ್ಮ ಹೆಸರೂ ಹಂಗೇ ಅಲ್ದಾ?” ತಿಮ್ಮಿ ನಕ್ಕಳು. ಅಲ್ಲೇ ನಿಂತು ಎರಡು ಮುಚ್ಚಳ ಕುಡಿದಳು. ಮುಖ ಕಿವುಚಿದಳು. “ಥೂ. ಕಹಿ ಇದ್ರೇ ಔಷಧಿ.”

ಅಕ್ಷರ ಬಾರದ ಕಾಲದಲ್ಲಾಗಿದ್ದರೆ ದುರ್ಗಿ ಯಾರನ್ನಾದರೂ ಕೇಳುತ್ತಿದ್ದಳು. ಅರ್ಧ ಬಂದಿತ್ತು. ಅದಕ್ಕೇ ಕೇಳಲಿಲ್ಲ.

ಒಂಬತ್ತು ದಿನ. ಶಿರಸಿಯ ಆಸ್ಪತ್ರೆ, ಅಲ್ಲಿಂದ ಹುಬ್ಬಳ್ಳಿ. ಕಳೆಗೆ ಹೊಡೆಯುವ ವಿಷ ಎಂದು ಡಾಕ್ಟರು ಹೇಳಿದಾಗ, ಆ ಗೀಟು ಪೆನ್ನು ಜಾರಿದ್ದಲ್ಲ ಎಂದು ದುರ್ಗಿಗೆ ತಿಳಿಯಿತು. ಮೊದಲ ದಿನವೇ ತಿಮ್ಮಿಯ ನಾಲಿಗೆ ಸುಲಿದುಹೋಯಿತು. ಊರನ್ನೆಲ್ಲ ನಗಿಸಿದ ಬಾಯಿ. ನೀರು ಇಳಿಯಲಿಲ್ಲ. ಮಾತು ಬರಲಿಲ್ಲ. ಕಣ್ಣು ಮಾತ್ರ ತಂಗಿಯ ಮೇಲೆ ಇರುತ್ತಿತ್ತು. ಆ ಕಣ್ಣಿನಲ್ಲಿ ಸಿಟ್ಟಿರಲಿಲ್ಲ. ಇದೇನಾಯಿತು, ಹೇಳು ಎಂದು ಕೇಳುವ ಹಾಗಿತ್ತು. ಓದಿ ಹೇಳು ಎಂದು ಕೇಳಿದ ಹಾಗೆಯೇ. ಒಂಬತ್ತನೆಯ ದಿನ ಆ ಕಣ್ಣು ಮುಚ್ಚಿತು.

ತಿಮ್ಮಿಯ ಗಂಡ ರಾಘು ಮಾಗೋಡಿನ ಕಡೆ ರಸ್ತೆ ಕೆಲಸಕ್ಕೆ ಹೋಗಿದ್ದವನು ಮೂರನೆಯ ದಿನ ಆಸ್ಪತ್ರೆಗೆ ಬಂದ. ಅಷ್ಟರಲ್ಲಿ ಹೆಗಡೆಯವರ ಮನೆಯ ಆಳು ಕೇರಿಗೆ ಬಂದು ಸೀಸೆ ಒಯ್ದಾಗಿತ್ತು. ಹತ್ತನೆಯ ದಿನ ಠಾಣೆಯಲ್ಲಿ ರಾಘುವಿನಿಂದ ಒಂದು ಕಾಗದದ ಮೇಲೆ ಹೆಬ್ಬೆಟ್ಟು ಹಾಕಿಸಿಕೊಂಡರು. ಓದಿ ಹೇಳಲಿಲ್ಲ. ಜೀವನದಲ್ಲಿ ಜಿಗುಪ್ಸೆಗೊಂಡು ವಿಷ ಸೇವಿಸಿ, ಎಂದು ಅದರಲ್ಲಿತ್ತು. ಪೇಪರಿನಲ್ಲೂ ಹಾಗೇ ಬಂತು. ಹೆಂಡತಿಗೆ ಜೀವನ ಬೇಡವಾಗಬೇಕಾದರೆ ಗಂಡ ಏನು ಮಾಡಿರಬೇಕು ಎಂದು ಊರು ಲೆಕ್ಕ ಹಾಕಿತು. ಹೊಡೀತಿದ್ದ ಎಂದರು. ಕುಡೀತಿದ್ದ ಎಂದರು. ರಾಘು ತಲೆ ಎತ್ತಲಿಲ್ಲ. ತನಗೆ ಗೊತ್ತಾಗದ ಏನೋ ತಪ್ಪು ತನ್ನಿಂದ ಆಗಿರಬೇಕು ಎಂದು ಅವನೇ ನಂಬಿದ.

ದುರ್ಗಿ ಸುಮ್ಮನಿದ್ದಳು. ಬಾಯಿ ಬಿಟ್ಟರೆ, ಓದಿದವಳು ನಾನು ಎನ್ನಬೇಕು. ಮೂರು ತಿಂಗಳು ಅವಳು ಭಾವನ ಬಾಗಿಲ ಮುಂದೆ ಹಾಯಲಿಲ್ಲ. ಹಿತ್ತಲಿನ ದಾರಿಯಲ್ಲೇ ನೀರಿಗೆ ಹೋದಳು.

ಶಿರಸಿಯ ಸಭಾಂಗಣ ತುಂಬಿತ್ತು. ವೇದಿಕೆಯ ಮೇಲೆ ದಿಲ್ಲಿಯ ಮೂವರು. ಅವರ ಪಕ್ಕದಲ್ಲಿ ಶಾಲು ಹೊದ್ದು ನಾಗಪತಿ ಹೆಗಡೆ. ಅವರು ಯೋಜನೆಯ ಸ್ಥಳೀಯ ಸಮಿತಿಯ ಅಧ್ಯಕ್ಷರು. ದುರ್ಗಿಯನ್ನು ಕರಿಹಲಗೆಯ ಪಕ್ಕ ನಿಲ್ಲಿಸಿದರು. ಕುರ್ಚಿ ಕೊಡಲಿಲ್ಲ. ಶ್ರೀವಾಣಿ ಅಕ್ಕೋರಿಗಾಗಿ ಅವಳು ಸಾಲು ಸಾಲು ಹುಡುಕಿದಳು. ಅವರನ್ನು ಕರೆದಿರಲಿಲ್ಲ.

ವಿಶ್ವೇಶ್ವರ ಸರ್ ಮೈಕಿನ ಮುಂದೆ ನಿಂತು ಯಶಸ್ಸಿನ ಬಗ್ಗೆ ಮಾತಾಡಿದರು. ಆಮೇಲೆ ಸಾಕ್ಷರರಾದ ಮೂವತ್ತೆಂಟು ಹೆಂಗಸರ ಹೆಸರು ಓದಿದರು. ಹಿಂದಿನ ಪರದೆಯ ಮೇಲೆ ಹೆಸರು ಒಂದೊಂದಾಗಿ ಮೂಡುತ್ತಿದ್ದವು. ಹದಿನೇಳನೆಯದು ಬಂದಾಗ ದುರ್ಗಿಗೆ ಯಾರೂ ಓದಿ ಹೇಳಬೇಕಾಗಲಿಲ್ಲ.

ತಿಮ್ಮಿ.

ಸತ್ತವಳ ಹೆಸರು. ಒಲೆಯ ಬೂದಿಯಲ್ಲಿ ಬೆರಳಿಟ್ಟು ನೂರು ಸಲ ತಿದ್ದಿದ ಹೆಸರು. ಠಾಣೆಯ ಕಾಗದದಲ್ಲಿ ಬದುಕು ಬೇಡವಾದವಳು. ಇಲ್ಲಿಯ ಕಾಗದದಲ್ಲಿ ಓದು ಬಂದವಳು. ಎರಡೂ ಸುಳ್ಳು. ಜನ ಚಪ್ಪಾಳೆ ತಟ್ಟಿದರು.

“ಈಗ ದುರ್ಗಿ ಅಕ್ಷರಮಾಲೆ ಬರೆದು ತೋರಿಸ್ತಾಳೆ,” ಎಂದರು ಸರ್.

ದುರ್ಗಿ ಸೀಮೆಸುಣ್ಣ ತೆಗೆದುಕೊಂಡಳು. ಬರೆದಳು. ದಪ್ಪ ದಪ್ಪ ಅಕ್ಷರ. ಯ. ರ. ಲ. ವ.

ನಿಂತಳು.

“ಮುಂದೆ ಬರಿ,” ಎಂದರು ಸರ್, ಮೈಕಿಗೆ ಕೈ ಅಡ್ಡ ಹಿಡಿದು.

“ಮುಂದೆ ಬರಾದಿಲ್ಲ ಸರ್.”

“ಬರಿ ಮಾರಾಯ್ತಿ. ನೋಡ್ತಾ ಇದ್ದಾರೆ.”

“ಕಲ್ಸಿಲ್ಲ. ಹೆಂಗೆ ಬರೀಲಿ?” ದುರ್ಗಿ ಸೀಮೆಸುಣ್ಣ ಕೆಳಗಿಟ್ಟಳು. ಮೈಕು ಬೇಕಾಗಲಿಲ್ಲ. ತೋಟದ ಈ ತುದಿಯಿಂದ ಆ ತುದಿಗೆ ಕೂಗಿ ಅಭ್ಯಾಸವಾದ ಗಂಟಲು ಅದು. “ನಮ್ಮ ಕ್ಲಾಸು ಇಲ್ಲಿಗೆ ನಿಂತೋತು. ಅಕ್ಕೋರು ಇಪ್ಪತ್ತು ದಿನ ಕೇಳಿದ್ರು. ನೀವು ಕೊಡ್ಲಿಲ್ಲ. ನನ್ನ ಅಕ್ಕನ ಹೆಸರು ಅಲ್ಲಿ ಹಾಕೀರಿ. ತೆಗೀರಿ ಅದನ್ನ. ಅವಳು ಸತ್ತು ಮೂರು ತಿಂಗ್ಳಾತು. ಅವಳಿಗೆ ಓದು ಬತ್ತಿರಲಿಲ್ಲ. ನನ್ನ ಹತ್ರ ಓದ್ಸಿದ್ಲು. ಸೀಸೆ ಮೇಲೆ ಈ ಹೆಗಡೇರು ವಿಷ ಅಂತ ಬರದಿದ್ರು. ನನಗೆ ‘ವಿ’ ಬಂತು. ‘ಷ’ ಬರಲಿಲ್ಲ. ನಾನು ವಿಟಮಿನ್ನು ಅಂದೆ. ಅವಳು ಕುಡುದ್ಲು.”

ದಿಲ್ಲಿಯವರಿಗೆ ಕನ್ನಡ ಬರುತ್ತಿರಲಿಲ್ಲ. ನಡುವಿನವರು ವಿಶ್ವೇಶ್ವರ ಸರ್ ಕಡೆ ಬಾಗಿ ಏನೋ ಕೇಳಿದರು. ಸರ್ ಬೆವರು ಒರೆಸಿಕೊಂಡು ಇಂಗ್ಲಿಷಿನಲ್ಲಿ ಎರಡು ಮಾತು ಹೇಳಿದರು. ಮೂವರೂ ದುರ್ಗಿಯ ಕಡೆ ತಿರುಗಿ ತಲೆ ಆಡಿಸಿದರು. ಒಬ್ಬ ಹೆಂಗಸಿನ ಕಣ್ಣು ತೇವವಾಗಿತ್ತು. ಆಮೇಲೆ ಚಪ್ಪಾಳೆ ತಟ್ಟಿದರು.

ಏನು ಹೇಳಿರಬೇಕು ಎಂದು ದುರ್ಗಿಗೆ ಗೊತ್ತಾಯಿತು. ಅವಳ ನಾಲ್ಕು ಮಾತನ್ನು ಸರ್ ತಾವೇ ಹೇಳಿದ್ದರು.

ಹೆಗಡೆಯವರಿಗೆ ಮಾತ್ರ ಪ್ರತಿಯೊಂದು ಮಾತೂ ತಿಳಿದಿತ್ತು. ಅವರು ಸರ್ ಕಿವಿಯ ಹತ್ತಿರ ಬಾಗಿ ತಮ್ಮ ಮನೆಮಾತಿನಲ್ಲಿ ಹೇಳಿದರು. “ಕೇಳಿದ್ಯಾ ವಿಶ್ವೇಶ್ವರ? ಅದೇ ಬಾಯಿ ಬಿಟ್ಟು ಹೇಳ್ತು. ಆನು ಬರದು ಅಂಟ್ಸಿದ್ದಿ. ಓದ್ಲೆ ಬರದಿದ್ರೆ ಆನೆಂತ ಮಾಡವು?”

ಬರೆದಿಟ್ಟ ಮೇಲೆ ತಮ್ಮ ತಪ್ಪೇನು ಎಂದು ಅವರು ಕೇಳಿದ್ದು ದುರ್ಗಿಗೆ ಪೂರ್ತಿ ಅರ್ಥವಾಯಿತು. ಹದಿನಾಲ್ಕನೆಯ ವಯಸ್ಸಿನಿಂದ ಆ ಮಾತಿನಲ್ಲೇ ಬೈಸಿಕೊಂಡು ದುಡಿದವಳು.

“ಬರದ್ರಿ ಹೆಗಡೇರೆ,” ಎಂದಳು. “ಓದಕೆ ಬರಲ್ಲ ಅಂತ ಗೊತ್ತಿದ್ದೋರಿಗೆ ಬರದಿಟ್ರಿ. ಬಾಯಿತ್ತಲ್ಲ, ಹೇಳ್ಲಿಲ್ಲ ಯಾಕೆ?”

ಯಾರೋ ಅವಳ ತೋಳು ಹಿಡಿದರು. ಕೊಡವಿಕೊಂಡು ತಾನೇ ಮೆಟ್ಟಿಲು ಇಳಿದಳು. ಪ್ರಮಾಣಪತ್ರ ಹಿಡಿದು ಒಬ್ಬರು ಹಿಂದೆ ಓಡಿಬಂದರು. ಅವಳು ಕೈ ಚಾಚಲಿಲ್ಲ. ಅವರು ಅದನ್ನು ಒಂದು ಕುರ್ಚಿಯ ಮೇಲೆ ಇಟ್ಟರು. ಇಟ್ಟದ್ದನ್ನು ಎತ್ತಿಕೊಳ್ಳುತ್ತಾಳೆ ಎಂದುಕೊಂಡರೋ ಏನೋ. ಎತ್ತಿಕೊಳ್ಳಲಿಲ್ಲ.

ಸಿದ್ದಾಪುರದ ಬಸ್ಸಿನಲ್ಲಿ ಕೂತ ಮೇಲೆ ಒಂದು ಅಳುಕು ಹತ್ತಿತು. ನಾಳೆಯಿಂದ ಆ ತೋಟದಲ್ಲಿ ಕೆಲಸವಿಲ್ಲ. ಅದಕ್ಕಲ್ಲ ಅಳುಕು. ಕ್ಲಾಸು ಇನ್ನು ಶುರುವಾಗುವುದಿಲ್ಲ. ಅದಕ್ಕೂ ಅಲ್ಲ. ಮುನ್ನೂರು ಜನರ ಮುಂದೆ ಹೇಳಿಬಿಟ್ಟಿದ್ದಳು. ಹೇಳಬೇಕಾಗಿದ್ದ ಒಬ್ಬನಿಗೆ ಹೇಳಿರಲಿಲ್ಲ.

ಬಸ್ಸಿಳಿದು ಹಿತ್ತಲಿನ ದಾರಿ ಬಿಟ್ಟು ಮುಂದಿನ ದಾರಿಯಲ್ಲಿ ನಡೆದಳು. ಬೆಳಕು ಇನ್ನೂ ಇತ್ತು. ರಾಘು ಬಾಗಿಲಲ್ಲಿ ಕೂತು ಹಗ್ಗ ಹೊಸೆಯುತ್ತಿದ್ದ. ಅವಳನ್ನು ನೋಡಿ ಕೈ ನಿಲ್ಲಿಸಿದ.

“ಭಾವ, ಒಂದು ಮಾತೈತೆ.”

ನಿಂತೇ ಹೇಳಿದಳು. ಸೀಸೆ, ಚೀಟಿ, ‘ವಿ’, ಹೊಟ್ಟೆಯೊಳಗೆ ಗೀಟು ಇದ್ದ ಅಕ್ಷರ. ಎರಡು ಮುಚ್ಚಳ. ಒಂದನ್ನೂ ಬಿಡಲಿಲ್ಲ. ಕೇಳುತ್ತ ಕೇಳುತ್ತ ಅವನು ಹಗ್ಗದ ತುದಿಯನ್ನು ಬೆರಳಿಗೆ ಸುತ್ತಿದ. ಬಿಗಿದ. ಬೆರಳು ಬೆಳ್ಳಗಾಯಿತು.

“ಮೂರು ತಿಂಗ್ಳು,” ಎಂದ. “ಊರೆಲ್ಲ ನನ್ನ ಮುಖಕ್ಕೆ ಉಗೀತು. ನೀ ಆಚೆ ಮನೇಲಿ ಇದ್ದೆ.”

“ಇದ್ದೆ ಭಾವ.”

“ನಾನು ಎಂತ ತಪ್ಪು ಮಾಡಿದ್ನೋ ಅಂತ ದಿನಾ ಯೋಚನೆ ಮಾಡ್ದೆ. ಒಂದ್ಸಲ ಗಂಜೀಲಿ ಉಪ್ಪಿಲ್ಲ ಅಂತ ಬೈದಿದ್ದೆ. ಅದಕ್ಕೇ ಇರ್ಬೋದಾ ಅಂತ…”

ದುರ್ಗಿ ಅಲ್ಲೇ ಮಣ್ಣಿನ ಮೇಲೆ ಕುಸಿದು ಕೂತಳು. “ಹೊಡಿ ಭಾವ. ಹೊಡೆದ್ಬಿಡು.”

ಅವನು ಹೊಡೆಯಲಿಲ್ಲ. ಸಮಾಧಾನವನ್ನೂ ಮಾಡಲಿಲ್ಲ. ಬೆರಳಿನ ಹಗ್ಗವನ್ನೂ ಬಿಚ್ಚಲಿಲ್ಲ.

“ನಾಳೆ ಠಾಣೆಗೆ ಬಾ,” ಎಂದ. “ಇದನ್ನೇ ಹೇಳು.”

“ಬತ್ತೀನಿ.”

“ನಿನ್ನನ್ನೇ ಹಿಡುದ್ರೆ?”

“ಹಿಡೀಲಿ. ಆ ಕಾಗದ ಹರ್ದು ಬೇರೆ ಬರಕಳ್ಲಿ ಮೊದಲು. ಬರೆದದ್ನ ಓದಿ ಹೇಳೋತನಕ ನೀನೂ ಹೆಬ್ಬೆಟ್ಟು ಹಾಕ್ಬ್ಯಾಡ, ನಾನೂ ಹಾಕಾದಿಲ್ಲ.”

ರಾಘು ತಲೆ ಎತ್ತಿದ. ಮೂರು ತಿಂಗಳ ಮೇಲೆ ಮೊದಲ ಸಲ ಅವಳ ಮುಖ ನೋಡಿದ. ದಾರಿ ತಪ್ಪಿದವನ ದನಿಯಲ್ಲಿ ಕೇಳಿದ.

“ಹಂಗಾದ್ರೆ ಅವಳಿಗೆ ಬದುಕು ಬ್ಯಾಡಾಗಿರಲಿಲ್ಲ? ಸಾಯ್ಬೇಕು ಅಂತ ಕುಡೀಲಿಲ್ಲ?”

“ಇಲ್ಲ ಭಾವ,” ಎಂದಳು ದುರ್ಗಿ. “ಬದುಕ್ಬೇಕು ಅಂತ ಕುಡುದ್ಲು.”